ಹೆಸರಿಲ್ಲದ ಸಮಾಧಿಯ ಗಾಯಕಿ

1964ನೆಯ ಇಸವಿ ಮೇ 7ನೆಯ ತಾರೀಖು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ವಿಲ್‌ಬ್ರಹಾಂ ರೋಡ್ ಎಂಬ ಪುಟ್ಟ ರೈಲು ನಿಲ್ದಾಣ. ಪ್ರಯಾಣಿಕರು ಅಲ್ಲಿ ಹತ್ತಿ ಇಳಿಯುವುದು ನಿಂತು ಆರು ವರ್ಷಗಳಾಗಿದ್ದುವು. ಗ್ರಾನಡ ಟೆಲಿವಿಷನ್ ಸಂಸ್ಥೆಯವರು ಆ ಪಾಳು ನಿಲ್ದಾಣವನ್ನು ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಯ ನಿಲ್ದಾಣದಂತೆ ಸಿಂಗರಿಸಿದ್ದರು. ಹಳಿಗಳ ಈಚೆಯ ಕಟ್ಟೆಯ ಮೇಲೆ ಕಲಾವಿದರು. ಆಚೆಯ ಕಟ್ಟೆಯ ಮೇಲೆ ಶ್ರೋತೃಗಳು. ಅವರಲ್ಲಿ ಹೆಚ್ಚಿನವರು ಹರೆಯದ ಹುಡುಗ ಹುಡುಗಿಯರು. ಕಾರ್ಯಕ್ರಮದ ನಡುವೆ ಮಳೆ ಸುರಿಯತೊಡಗಿತು.

ಆಗ ಕುದುರೆಗಾಡಿಯೊಂದರಿಂದ ನಲವತ್ತೊಂಬತ್ತು ವರ್ಷದ ಕಪ್ಪು ಮಹಿಳೆಯೊಬ್ಬಳು ಇಳಿದಳು. ಮೈಮೇಲೆ ದಪ್ಪನೆಯ ಕೋಟು, ಮುಖದ ತುಂಬ ನಗು. ಮೊದಲು ಹಾಡಬೇಕೆಂದಿದ್ದ ಹಾಡನ್ನು ಬದಿಗಿಟ್ಟು, ಬೈಬಲ್ಲಿನ ನೋಹನ ಕಾಲದ ಜಲಪ್ರಳಯವನ್ನು ಬಣ್ಣಿಸುವ ಹಳೆಯ ಭಕ್ತಿಗೀತೆಯೊಂದನ್ನು ಆಕೆ ಎತ್ತಿಕೊಂಡಳು. ಆಕಾಶದಿಂದ ಬೀಳುತ್ತಿದ್ದ ಮಳೆಯೇ ಹಾಡಿಗೆ ಹಿಮ್ಮೇಳವಾಯಿತು. ಹೆಗಲಿಗೆ ಬಿಳಿಯ ವಿದ್ಯುತ್ ಗಿಟಾರನ್ನು ಏರಿಸಿ ಆಕೆ ತಂತಿ ಮೀಟಿದಾಗ ಎದುರು ಕಟ್ಟೆಯಲ್ಲಿ ಕುಳಿತಿದ್ದ ತರುಣರು ಬೆರಗಾಗಿ ಚಪ್ಪಾಳೆಯ ತಾಳ ಹಿಡಿದರು.

ರಾಕ್ ಅಂಡ್ ರೋಲ್ ಎಂಬುದು ತಮ್ಮ ತಲೆಮಾರಿನ ಸಂಗೀತವೆಂದೇ ಆ ತರುಣರ ಭಾವನೆ. ಎಲ್ವಿಸ್ ಪ್ರೀಸ್ಲಿಯ ಮೊದಲ ಧ್ವನಿಮುದ್ರಿಕೆ ಹೊರಬಂದುದು 1954ರಲ್ಲಿ. ಚಕ್ ಬೆರಿಯದು 1955ರಲ್ಲಿ. ಆದರೆ ಎದುರು ನಿಂತಿದ್ದ ಆ ಮಹಿಳೆ ಅವರಿಬ್ಬರಿಗಿಂತಲೂ ಹದಿನೈದು ವರ್ಷ ಮೊದಲೇ ಗಿಟಾರು ಹಿಡಿದು ಹಾಡುತ್ತ ನ್ಯೂಯಾರ್ಕ್ ನಗರವನ್ನು ಕುಣಿಸಿದ್ದವಳು. ಹೆಸರು ಸಿಸ್ಟರ್ ರೊಸೆಟಾ ಥಾರ್ಪ್. ರಾಕ್ ಅಂಡ್ ರೋಲಿನ ಸಾಕುತಾಯಿ ಎಂದು ಇಂದು ಜಗತ್ತು ಈಕೆಯನ್ನು ಕರೆಯುತ್ತದೆ. ಆದರೆ ಈಕೆ ಸತ್ತಾಗ ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ.

ತಾಯಿಯ ಜೊತೆ ಊರೂರು

ಅಮೆರಿಕದ ಆರ್ಕನ್ಸಾ ಸಂಸ್ಥಾನದಲ್ಲಿ ಕಾಟನ್ ಪ್ಲಾಂಟ್ ಎಂಬ ಊರಿದೆ. 'ಹತ್ತಿಯ ಗಿಡ' ಎಂದೇ ಆ ಹೆಸರಿನ ಅರ್ಥ. 1915ನೆಯ ಇಸವಿ ಮಾರ್ಚ್ 20ರಂದು ಅಲ್ಲಿ ಹತ್ತಿ ಬಿಡಿಸುವ ಕೂಲಿಕಾರರ ಮನೆಯಲ್ಲಿ ರೊಸೆಟಾ ಜನಿಸಿದಳು. ಗುಲಾಮಗಿರಿ ಕಾನೂನಿನ ಮಟ್ಟಿಗೆ ಅಳಿದು ಐವತ್ತು ವರ್ಷಗಳಾಗಿದ್ದರೂ ದಕ್ಷಿಣ ಸೀಮೆಯ ಕಪ್ಪು ಜನರ ಪಾಲಿಗೆ ಬದುಕು ಹತ್ತಿಯ ಹೊಲಕ್ಕೇ ಕಟ್ಟುಬಿದ್ದಿತ್ತು.

ತಾಯಿ ಕೇಟಿ ಬೆಲ್ ನೂಬಿನ್ ಸಾಮಾನ್ಯ ಹೆಂಗಸಲ್ಲ. ಮ್ಯಾಂಡೊಲಿನ್ ನುಡಿಸುತ್ತ ಹಾಡುವಳು. ಜನರ ನಡುವೆ ನಿಂತು ಧರ್ಮೋಪದೇಶ ಮಾಡುವಳು. ಆಕೆ ಸೇರಿದ್ದ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಎಂಬ ಪಂಥದಲ್ಲಿ ಪ್ರಾರ್ಥನೆಯೆಂದರೆ ತುಟಿ ಬಿಗಿದು ಕುಳಿತುಕೊಳ್ಳುವುದಲ್ಲ. ತಮಟೆ, ತಾಳ, ಗಿಟಾರು ಎಲ್ಲಕ್ಕೂ ಅಲ್ಲಿ ಪ್ರವೇಶವಿತ್ತು. ಭಕ್ತಿ ಉಕ್ಕಿದರೆ ಎದ್ದು ಕುಣಿಯುವುದೂ ಪೂಜೆಯ ಅಂಗವೇ. ಈ ವಾತಾವರಣದಲ್ಲಿ ಬೆಳೆದ ರೊಸೆಟಾ ನಾಲ್ಕನೆಯ ವಯಸ್ಸಿಗೇ ಹಾಡುತ್ತ ಗಿಟಾರು ನುಡಿಸತೊಡಗಿದಳು. ಆರು ವರ್ಷದವಳಾಗುವ ಹೊತ್ತಿಗೆ ತಾಯಿಯೊಡನೆ ಧರ್ಮಪ್ರಚಾರದ ತಂಡದಲ್ಲಿ ಊರೂರು ಸುತ್ತುತ್ತಿದ್ದಳು. ಗಿಟಾರು ನುಡಿಸುವ ಹೆಣ್ಣುಮಕ್ಕಳೇ ಅಪರೂಪವಾಗಿದ್ದ ಕಾಲ ಅದು. ಆ ಪುಟ್ಟ ಹುಡುಗಿಯನ್ನು ನೋಡಲೆಂದೇ ಜನ ಸೇರುತ್ತಿದ್ದರು.

1920ರ ದಶಕದ ನಡುಭಾಗದಲ್ಲಿ ತಾಯಿ ಮಗಳು ಚಿಕಾಗೋ ನಗರಕ್ಕೆ ಬಂದು ನೆಲೆಸಿದರು. ದಕ್ಷಿಣದ ಬಡತನದಿಂದಲೂ ಅವಮಾನದಿಂದಲೂ ತಪ್ಪಿಸಿಕೊಳ್ಳಲು ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ವಲಸೆ ಬರುತ್ತಿದ್ದ ವರ್ಷಗಳು ಅವು. ಅವರೊಡನೆ ಅವರ ಹಾಡುಗಳೂ ಬಂದಿದ್ದುವು. ಇಗರ್ಜಿಯಲ್ಲಿ ಭಕ್ತಿಗೀತೆ, ಬೀದಿಯಲ್ಲಿ ಜ್ಯಾಜ್, ಸಾರಾಯಿ ಅಂಗಡಿಯಲ್ಲಿ ಬಾಳಿನ ದುಃಖವನ್ನು ತೋಡಿಕೊಳ್ಳುವ ಬ್ಲೂಸ್. ಇವೆಲ್ಲವೂ ಬಾಲಕಿಯ ಕಿವಿಗೆ ಬಿದ್ದುವು. ಅವಳ ಬೆರಳುಗಳು ಅವೊಂದನ್ನೂ ಮರೆಯಲಿಲ್ಲ.

1934ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಥಾಮಸ್ ಥಾರ್ಪ್ ಎಂಬ ಧರ್ಮೋಪದೇಶಕನೊಡನೆ ರೊಸೆಟಾಳ ವಿವಾಹವಾಯಿತು. ದಾಂಪತ್ಯ ಹೆಚ್ಚು ಕಾಲ ಉಳಿಯಲಿಲ್ಲ. ಗಂಡನ ಮನೆತನದ ಹೆಸರು ಮಾತ್ರ ಕೊಂಚ ಅಕ್ಷರ ಬದಲಾಗಿ ಕೊನೆಯವರೆಗೂ ಆಕೆಯ ಹೆಸರಿನೊಡನೆ ಉಳಿಯಿತು. ಇಗರ್ಜಿಯಲ್ಲಿ ಹೆಂಗಸರನ್ನು 'ಸಿಸ್ಟರ್' ಎಂದು ಸಂಬೋಧಿಸುವ ರೂಢಿ. ಆ ಗೌರವವಾಚಕವನ್ನೂ ಆಕೆ ಎಂದೂ ಬಿಡಲಿಲ್ಲ. 1938ರಲ್ಲಿ ಗಂಡನನ್ನು ತೊರೆದು ತಾಯಿಯೊಡನೆ ನ್ಯೂಯಾರ್ಕಿಗೆ ಹೊರಟಾಗ ಕೈಯಲ್ಲಿ ಇದ್ದುದು ಗಿಟಾರು ಒಂದೇ.

ಒಂದೇ ಹಾಡು, ಎರಡು ಅಂಗಳ

ಹತ್ತಿಯ ಊರಿನಲ್ಲಿ ಹುಟ್ಟಿದವಳಿಗೆ ನ್ಯೂಯಾರ್ಕಿನಲ್ಲಿ ದೊರೆತ ಮೊದಲ ದೊಡ್ಡ ವೇದಿಕೆಯ ಹೆಸರು 'ಕಾಟನ್ ಕ್ಲಬ್'. ಕಪ್ಪು ಕಲಾವಿದರ ಆಟಪಾಟಗಳಿಗೆ ಹೆಸರಾದ ವಿಲಾಸಮಂದಿರ ಅದು. 1938ರ ಅಕ್ಟೋಬರಿನಲ್ಲಿ ಪ್ರಸಿದ್ಧ ವಾದ್ಯಗೋಷ್ಠಿಯ ನಾಯಕ ಕ್ಯಾಬ್ ಕ್ಯಾಲೊವೆಯೊಡನೆ ಆಕೆ ಅಲ್ಲಿ ಕಾಣಿಸಿಕೊಂಡಳು. ಅದೇ ತಿಂಗಳ 31ರಂದು ಡೆಕ್ಕಾ ಕಂಪೆನಿಗಾಗಿ ನಾಲ್ಕು ಹಾಡುಗಳನ್ನು ಮುದ್ರಿಸಿದಳು. ಅವುಗಳಲ್ಲಿ 'ರಾಕ್ ಮಿ' ಎಂಬ ಗೀತೆ ಥಾಮಸ್ ಡಾರ್ಸಿ ರಚಿಸಿದ ಭಕ್ತಿಗೀತೆಯೊಂದರ ರೂಪಾಂತರ. ದೇವರ ಮಡಿಲಲ್ಲಿ ತೂಗಿಸಿಕೊಳ್ಳಬೇಕೆಂಬ ಭಕ್ತನ ಪ್ರಾರ್ಥನೆ ಅದು. ರೊಸೆಟಾಳ ಕಂಠದಲ್ಲಿ ಅದಕ್ಕೆ ಬೇರೊಂದು ಲಯ ಬಂದಿತು. ಭಕ್ತನಿಗೆ ಅದು ಭಕ್ತಿಯಾಗಿಯೂ ರಸಿಕನಿಗೆ ಕುಣಿತವಾಗಿಯೂ ಕೇಳಿಸಿತು.

ಆ ವರ್ಷದ ಡಿಸೆಂಬರ್ 23ರಂದು ಕಾರ್ನೆಗಿ ಸಭಾಂಗಣದಲ್ಲಿ ಜಾನ್ ಹ್ಯಾಮಂಡ್ ಎಂಬ ಸಂಗೀತಪ್ರೇಮಿ ಏರ್ಪಡಿಸಿದ ಮಹಾಗೋಷ್ಠಿಯಲ್ಲಿಯೂ ಆಕೆ ಹಾಡಿದಳು. ಕಪ್ಪು ಜನರ ಸಂಗೀತಪರಂಪರೆಯನ್ನು ನಗರದ ಗಣ್ಯರಿಗೆ ಪರಿಚಯಿಸಿದ ಐತಿಹಾಸಿಕ ಕಚೇರಿ ಅದು. ಹೀಗೆ ಕೆಲವೇ ವಾರಗಳಲ್ಲಿ ಇಪ್ಪತ್ತಮೂರರ ತರುಣಿ ದೇಶಕ್ಕೆ ಪರಿಚಿತಳಾದಳು.

ಕಷ್ಟವೂ ಅಲ್ಲಿಂದಲೇ ಮೊದಲಾಯಿತು. ರಾತ್ರಿ ಕುಡಿಯುವವರ ನಡುವೆ ಹಾಡಿದ ಗೀತೆಯನ್ನೇ ಭಾನುವಾರ ದೇವರ ಸನ್ನಿಧಿಯಲ್ಲಿ ಹಾಡಬಹುದೆ? ಇಗರ್ಜಿಯ ಹಿರಿಯರು ಹುಬ್ಬು ಗಂಟಿಕ್ಕಿದರು. ತಮ್ಮ ಮಡಿಲಲ್ಲಿ ಬೆಳೆದ ಮಗಳು ಪವಿತ್ರವಾದುದನ್ನು ಸಂತೆಗೆ ತಂದಳೆಂದು ಭಾವಿಸಿದ ಭಕ್ತರ ನೋವನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಹಗಲೆಲ್ಲ ಅವಮಾನ ನುಂಗುವ ಜನರಿಗೆ ತಮ್ಮದೆಂದು ಉಳಿದಿದ್ದುದು ಆ ಪ್ರಾರ್ಥನಾಮಂದಿರ ಒಂದೇ. ರೊಸೆಟಾಳಿಗಾದರೋ ಹಾಡು ಒಂದೇ ಆಗಿತ್ತು. ಅಂಗಳ ಎರಡಾಗಿದ್ದುವು, ಅಷ್ಟೆ. ಲಕ್ಕಿ ಮಿಲಿಂಡರನ ವಾದ್ಯಗೋಷ್ಠಿಯೊಡನೆ ಆಕೆ ಕೆಲವು ತೀರ ಲೌಕಿಕವಾದ ವಿನೋದಗೀತೆಗಳನ್ನೂ ಹಾಡಿದಳು. ಅವು ಭಕ್ತರ ಮುನಿಸನ್ನು ಇಮ್ಮಡಿಗೊಳಿಸಿದುವು. ಆಕೆ ಎರಡು ಅಂಗಳಗಳನ್ನೂ ಬಿಡಲೊಲ್ಲದೆ ಆಗ ಭಕ್ತಿಗೀತೆಗೆ ಮರಳುತ್ತಿದ್ದಳು, ಈಗ ರಂಗಮಂಚವನ್ನೇರುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೂರದ ರಣಾಂಗಣಗಳಲ್ಲಿದ್ದ ಅಮೆರಿಕದ ಸೈನಿಕರಿಗಾಗಿ ಹೊರತಂದ 'ವಿ-ಡಿಸ್ಕ್' ಎಂಬ ಧ್ವನಿಮುದ್ರಿಕೆಗಳಲ್ಲಿ ಆಕೆಯ ಹಾಡುಗಳೂ ಸೇರಿದ್ದುವು.

ಹತ್ತು ವರ್ಷ ಮೊದಲೇ ಬಂದ ಹಾಡು

1944ರಲ್ಲಿ ಆಕೆ ಸ್ಯಾಮಿ ಪ್ರೈಸ್ ಎಂಬ ಪಿಯಾನೊವಾದಕನ ಮೂವರ ತಂಡದೊಡನೆ ಒಂದು ಹಾಡನ್ನು ಮುದ್ರಿಸಿದಳು. ಹೆಸರು 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ'. ದಿನದಿನವೂ ವಿಚಿತ್ರಗಳು ನಡೆಯುತ್ತಿವೆ ಎಂಬುದು ಅದರ ಭಾವ. ಧರ್ಮದ ವೇಷ ತೊಟ್ಟು ಸುಳ್ಳಾಡುವವರನ್ನು ನಗುನಗುತ್ತಲೇ ಚುಚ್ಚುವ ಗೀತೆ. 1945ರ ವಸಂತದಲ್ಲಿ ಕಪ್ಪು ಜನರ ಸಂಗೀತಕ್ಕೆಂದು 'ಬಿಲ್‌ಬೋರ್ಡ್' ಪತ್ರಿಕೆ ಪ್ರತ್ಯೇಕವಾಗಿ ಪ್ರಕಟಿಸುತ್ತಿದ್ದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿತು. ಭಕ್ತಿಗೀತೆಯೊಂದು ಅಲ್ಲಿಯವರೆಗೆ ಆ ಎತ್ತರವನ್ನು ಕಂಡಿರಲಿಲ್ಲ.

ಈ ಹಾಡನ್ನು ಇಂದು ಕೇಳಿದವರಿಗೆ ಅಚ್ಚರಿಯಾಗದಿರದು. ಪಿಯಾನೊವಾದಕನ ಎಡಗೈ ಬಿಡುವಿಲ್ಲದೆ ಉರುಳುವ ತಾಳವನ್ನು ಹಿಡಿದಿದೆ. ಅದರ ಮೇಲೆ ಕೂಗು, ನಗು, ಉಪದೇಶ ಮೂರೂ ಬೆರೆತ ಕಂಠ. ನಡುವೆ ಹಾಡನ್ನು ನಿಲ್ಲಿಸಿ ಗಿಟಾರು ತಾನೇ ಮಾತನಾಡತೊಡಗುತ್ತದೆ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನ ಅಯಸ್ಕಾಂತದ ಮೂಲಕ ವಿದ್ಯುತ್ತಾಗಿ ಮಾರ್ಪಟ್ಟು ಧ್ವನಿವರ್ಧಕದಿಂದ ಹೊರಹೊಮ್ಮುತ್ತದೆ. ಹೀಗಾಗಿ ಹಿಂದೆ ಕುಳಿತು ತಾಳ ಕೊಡುತ್ತಿದ್ದ ವಾದ್ಯ ಮುಂದೆ ಬಂದು ನಾಯಕತ್ವ ವಹಿಸುವುದು ಸಾಧ್ಯವಾಯಿತು. ಆ ನಾಯಕತ್ವವನ್ನು ಮೊದಲು ಗುರುತಿಸಿದ ಕೆಲವೇ ಮಂದಿಯಲ್ಲಿ ರೊಸೆಟಾ ಒಬ್ಬಳು. ಉರುಳುವ ತಾಳ, ಕೂಗಿ ಹಾಡುವ ಕಂಠ, ಮುಂದಾಳಾದ ಗಿಟಾರು—ರಾಕ್ ಅಂಡ್ ರೋಲ್ ಎಂದು ಮುಂದೆ ಜಗತ್ತು ಕರೆದುದು ಇದನ್ನೇ ಅಲ್ಲವೆ?

ಈ ಹಾಡು ಜನಪ್ರಿಯವಾದಾಗ ಎಲ್ವಿಸ್ ಪ್ರೀಸ್ಲಿ ಹತ್ತು ವರ್ಷದ ಬಾಲಕ. ಲಿಟ್ಲ್ ರಿಚರ್ಡ್ ಹನ್ನೆರಡರವನು. ಜಾನಿ ಕ್ಯಾಶ್ ಹದಿಮೂರರವನು.

ಬಸ್ಸೇ ಮನೆ

1947ರಲ್ಲಿ ಜಾರ್ಜಿಯಾ ಸಂಸ್ಥಾನದ ಮೇಕನ್ ನಗರದ ಸಭಾಭವನದಲ್ಲಿ ರೊಸೆಟಾಳ ಕಾರ್ಯಕ್ರಮವಿತ್ತು. ಅಲ್ಲಿ ತಂಪು ಪಾನೀಯ ಮಾರುತ್ತಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬ ಆಕೆಯ ಹಾಡುಗಳನ್ನು ಹಾಡುತ್ತಿದ್ದುದು ಆಕೆಯ ಕಿವಿಗೆ ಬಿದ್ದಿತು. ಗದರಿಸಿ ಕಳುಹಿಸುವ ಬದಲು ಅಂದಿನ ರಾತ್ರಿ ಅವನನ್ನು ವೇದಿಕೆಗೆ ಕರೆದು ಸಾವಿರಾರು ಜನರೆದುರಿಗೆ ಹಾಡಿಸಿದಳು. ಕೊನೆಗೆ ಕೈಯಲ್ಲಿ ಹಣವನ್ನೂ ಇಟ್ಟಳು. ಆ ಹುಡುಗನೇ ಮುಂದೆ ಲಿಟ್ಲ್ ರಿಚರ್ಡ್ ಎಂದು ಜಗತ್ಪ್ರಸಿದ್ಧನಾದ ರಿಚರ್ಡ್ ಪೆನಿಮನ್. ಗಾಯಕನಾಗಬೇಕೆಂಬ ತನ್ನ ಸಂಕಲ್ಪ ಗಟ್ಟಿಯಾದುದು ಆ ರಾತ್ರಿಯೇ ಎಂದು ಅವನು ಮುಂದೆ ಸ್ಮರಿಸುತ್ತಿದ್ದನು.

ಸಾವಿರಾರು ಜನರ ಚಪ್ಪಾಳೆಯ ನಂತರ ಆ ಗಾಯಕಿ ಮಲಗುತ್ತಿದ್ದುದೆಲ್ಲಿ? ದಕ್ಷಿಣದ ಊರುಗಳಲ್ಲಿ ಬಿಳಿಯರ ಹೋಟೆಲುಗಳ ಬಾಗಿಲು ಆಕೆಗೆ ಮುಚ್ಚಿತ್ತು; ಊಟದ ಮನೆಗಳಲ್ಲಿಯೂ ಹಾಗೆಯೇ. ಆದುದರಿಂದ ಆಕೆ ತನ್ನದೇ ಬಸ್ಸನ್ನು ಕೊಂಡು ಅದರಲ್ಲೇ ಮಲಗುವ ವ್ಯವಸ್ಥೆ ಮಾಡಿಕೊಂಡಳು. 1940ರ ದಶಕದ ಕೊನೆಯಲ್ಲಿ 'ಜಾರ್ಡನೇರ್ಸ್' ಎಂಬ ಬಿಳಿಯ ಗಾಯಕರ ತಂಡ ಆಕೆಯೊಡನೆ ಸಂಚರಿಸುತ್ತಿದ್ದಾಗ ಆ ತರುಣರು ಊಟದ ಮನೆಯ ಒಳಹೊಕ್ಕು ಬುತ್ತಿ ಕಟ್ಟಿಸಿಕೊಂಡು ಬಂದು ಬಸ್ಸಿನಲ್ಲಿ ಕುಳಿತ ಆಕೆಗೆ ಕೊಡುತ್ತಿದ್ದರು. ಅದೇ ತಂಡ 1956ರಿಂದ ಎಲ್ವಿಸ್ ಪ್ರೀಸ್ಲಿಗೆ ಹಿಮ್ಮೇಳ ಹಾಡಿತು. ಹೋಟೆಲುಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ ಕಾಯಿದೆಗೆ ಅಮೆರಿಕದಲ್ಲಿ ಅಂಕಿತ ಬಿದ್ದುದು 1964ರ ಜುಲೈ 2ರಂದು. ಮ್ಯಾಂಚೆಸ್ಟರಿನ ಆ ಮಳೆಯ ದಿನ ಕಳೆದು ಸುಮಾರು ಎಂಟು ವಾರಗಳಿಗೆ.

ಈ ಅಲೆದಾಟದಲ್ಲಿ ಆಕೆಗೆ ದೊರೆತ ಭಾಗ್ಯ ಮೇರಿ ನೈಟ್ ಎಂಬ ಗಾಯಕಿಯ ಗೆಳೆತನ. 1946ರಲ್ಲಿ ನ್ಯೂಯಾರ್ಕಿನ ಒಂದು ಸಂಗೀತಸಭೆಯಲ್ಲಿ ಮೇರಿಯ ಹಾಡು ಕೇಳಿದ ರೊಸೆಟಾ ಆಕೆಯನ್ನು ತನ್ನ ಜೊತೆಗಾತಿಯಾಗಿಸಿಕೊಂಡಳು. ರೊಸೆಟಾಳದು ಚೂಪಾದ ಕಂಠ, ಮೇರಿಯದು ಗಂಭೀರವಾದ ಮಂದ್ರ. ಇಬ್ಬರೂ ಸೇರಿ ಹಾಡಿದ 'ಅಪ್ ಅಬವ್ ಮೈ ಹೆಡ್' ಮುಂತಾದ ಗೀತೆಗಳು ದೇಶದಾದ್ಯಂತ ಹೆಸರಾದುವು.

ಆಟದ ಮೈದಾನದಲ್ಲಿ ಮದುವೆ

1951ರ ಜುಲೈ 3ರಂದು ವಾಷಿಂಗ್ಟನ್ ನಗರದ ಗ್ರಿಫಿತ್ ಕ್ರೀಡಾಂಗಣದಲ್ಲಿ ಒಂದು ವಿಚಿತ್ರ ಸಮಾರಂಭ ನಡೆಯಿತು. ಬೇಸ್‌ಬಾಲ್ ಆಡುವ ಆ ಮೈದಾನದಲ್ಲಿ ಸುಮಾರು 25,000 ಜನ ಟಿಕೇಟು ಕೊಂಡು ಬಂದು ಕುಳಿತಿದ್ದರು. ಅವರು ನೋಡಲು ಬಂದುದು ರೊಸೆಟಾಳ ಮೂರನೆಯ ಮದುವೆಯನ್ನು. ವರ ರಸೆಲ್ ಮಾರಿಸನ್. ಮಂತ್ರವಿಧಿಗಳು ಮುಗಿದೊಡನೆಯೇ ಮದುಮಗಳು ಮದುವೆಯ ಉಡುಪಿನಲ್ಲಿಯೇ ಗಿಟಾರು ಹಿಡಿದು ಹಾಡಿದಳು. ಕೊನೆಗೆ ಬಾಣಬಿರುಸುಗಳು ಆಕಾಶವನ್ನು ಬೆಳಗಿದುವು. ಇಡೀ ವಿವಾಹವನ್ನು ಡೆಕ್ಕಾ ಕಂಪೆನಿ ಮುದ್ರಿಸಿ ಧ್ವನಿಮುದ್ರಿಕೆಯಾಗಿ ಮಾರಿತು!

ಮದುವೆಯನ್ನೂ ಮಾರಾಟದ ವಸ್ತುವಾಗಿಸಿದರಲ್ಲಾ ಎಂದು ಕೆಲವರಿಗೆ ಅನ್ನಿಸೀತು. ಅದು ಸುಳ್ಳೇನೂ ಅಲ್ಲ. ಆದರೆ ಒಬ್ಬ ಕಪ್ಪು ಹೆಣ್ಣುಮಗಳ ವಿವಾಹವನ್ನು ನೋಡಲು ದೇಶದ ರಾಜಧಾನಿಯಲ್ಲಿ ಇಪ್ಪತ್ತೈದು ಸಾವಿರ ಜನ ಹಣ ಕೊಟ್ಟು ಬಂದರೆಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಅದೇ ಆಕೆಯ ಕೀರ್ತಿಯ ಶಿಖರವೂ ಆಯಿತು. 1950ರ ದಶಕದ ಮೊದಲಲ್ಲಿ ಆಕೆಯೂ ಮೇರಿ ನೈಟಳೂ ಬ್ಲೂಸ್ ಗೀತೆಗಳನ್ನು ಮುದ್ರಿಸಿದಾಗ ಭಕ್ತವರ್ಗ ಮತ್ತೆ ಮುನಿಯಿತು. ಈ ಬಾರಿ ಮುನಿಸು ಬೇಗ ಇಳಿಯಲಿಲ್ಲ. ಇನ್ನೊಂದೆಡೆ ಆಕೆ ಹಾಕಿಕೊಟ್ಟ ದಾರಿಯಲ್ಲಿಯೇ ತರುಣರ ಪಡೆಯೊಂದು ಬಂದು ರಂಗವನ್ನು ತುಂಬಿಕೊಂಡಿತು. ರಾಕ್ ಅಂಡ್ ರೋಲ್ ಕೇಳಲು ಕಿಕ್ಕಿರಿದ ಹುಡುಗ ಹುಡುಗಿಯರಿಗೆ ಸಿನಿಮಾ ನಟನಂತಹ ಚೆಲುವ ತರುಣ ಬೇಕಾಗಿದ್ದನು. ನಲವತ್ತು ಮುಟ್ಟಿದ, ದೇವರ ಹೆಸರು ಹೇಳುವ ಕಪ್ಪು ಹೆಂಗಸು ಅವರ ಕಣ್ಣಿಗೆ ಬೀಳಲಿಲ್ಲ. ಭಕ್ತರ ಪಾಲಿಗೆ ಆಕೆ ಅತಿ ಲೌಕಿಕಳು. ಲೌಕಿಕರ ಪಾಲಿಗೆ ಹಳೆಯ ಕಾಲದ ಭಕ್ತೆ. ಎರಡು ಅಂಗಳಗಳೂ ಒಮ್ಮೆಗೇ ಬರಿದಾದುವು.

ಕಡಲಾಚೆಯ ಕರೆ

ಆಗ ಆಕೆಯನ್ನು ಕರೆದವರು ಕಡಲಾಚೆಯವರು. 1957ರಲ್ಲಿ ಇಂಗ್ಲೆಂಡಿನ ಜ್ಯಾಜ್ ವಾದಕ ಕ್ರಿಸ್ ಬಾರ್ಬರ್ ಆಕೆಯನ್ನು ಆಹ್ವಾನಿಸಿ ಆ ದೇಶದಲ್ಲೆಲ್ಲ ಹಾಡಿಸಿದನು. ಮತ್ತೆ 1964ರಲ್ಲಿ ಮಡ್ಡಿ ವಾಟರ್ಸ್ ಮುಂತಾದ ಬ್ಲೂಸ್ ದಿಗ್ಗಜರೊಡನೆ ಆಕೆ ಯೂರೋಪಿಗೆ ಬಂದಳು. ಮ್ಯಾಂಚೆಸ್ಟರಿನ ಮಳೆಯ ದಿನ ಆ ಪ್ರವಾಸದ್ದೇ. ಸ್ವದೇಶ ಮರೆಯುತ್ತಿದ್ದ ಹೊತ್ತಿನಲ್ಲಿ ಪರದೇಶದ ತರುಣರು ಆಕೆಯ ಬೆರಳುಗಳನ್ನು ಕಣ್ಣು ಮಿಟುಕಿಸದೆ ನೋಡಿ ಕಲಿತರು.

1968ರಲ್ಲಿ ತಾಯಿ ಕೇಟಿ ಬೆಲ್ ತೀರಿಕೊಂಡಳು. ಹತ್ತಿಯ ಹೊಲದಿಂದ ಕಾರ್ನೆಗಿ ಸಭಾಂಗಣದವರೆಗೆ ಮಗಳ ಜೊತೆ ಬಂದಿದ್ದ ಜೀವ ಅದು. ಗಂಡಂದಿರು ಬಂದು ಹೋದರೂ, ಭಕ್ತರು ಮುನಿದರೂ, ತಾಯಿ ಮಗಳನ್ನು ಬಿಟ್ಟಿರಲಿಲ್ಲ. ಎರಡು ವರ್ಷಗಳ ನಂತರ, 1970ರಲ್ಲಿ, ಯೂರೋಪಿನ ಪ್ರವಾಸದಲ್ಲಿದ್ದಾಗ ರೊಸೆಟಾಳಿಗೆ ಪಾರ್ಶ್ವವಾಯು ಬಡಿಯಿತು. ಮಧುಮೇಹ ಉಲ್ಬಣಿಸಿ ಒಂದು ಕಾಲನ್ನು ಕತ್ತರಿಸಬೇಕಾಯಿತು. ಆದರೂ ಹಾಡುವುದನ್ನು ಬಿಡಲಿಲ್ಲ. ಮತ್ತೊಂದು ಧ್ವನಿಮುದ್ರಣಕ್ಕೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಪಾರ್ಶ್ವವಾಯು ಮತ್ತೆ ಬಂದೆರಗಿತು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾ ನಗರದಲ್ಲಿ ಆಕೆ ಕಣ್ಣುಮುಚ್ಚಿದಳು. ಐವತ್ತೆಂಟು ವರ್ಷ ವಯಸ್ಸು.

ಕೊನೆಯ ಪಯಣಕ್ಕೆ ಗೆಳತಿಯ ತಲೆಗೂದಲನ್ನು ಬಾಚಿ ಮುಖವನ್ನು ಸಿಂಗರಿಸಿದವಳು ಮೇರಿ ನೈಟ್. ನಾರ್ತ್‌ವುಡ್ ಎಂಬ ರುದ್ರಭೂಮಿಯಲ್ಲಿ ರೊಸೆಟಾಳನ್ನು ಮಣ್ಣು ಮಾಡಲಾಯಿತು. ಮೇಲೆ ಕಲ್ಲು ನಿಲ್ಲಿಸುವವರು ಯಾರೂ ಬರಲಿಲ್ಲ. ಹುಲ್ಲು ಬೆಳೆಯಿತು.

ತಡವಾಗಿ ತೀರಿದ ಸಾಲ

1986ರಲ್ಲಿ ರಾಕ್ ಅಂಡ್ ರೋಲಿನ ಕೀರ್ತಿಮಂದಿರಕ್ಕೆ ಮೊದಲ ಸಾಲಿನ ಕಲಾವಿದರನ್ನು ಆರಿಸಿದಾಗ ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ, ಲಿಟ್ಲ್ ರಿಚರ್ಡ್ ಎಲ್ಲರೂ ಆ ಗೌರವಕ್ಕೆ ಪಾತ್ರರಾದರು. ರೊಸೆಟಾಳ ನೆನಪು ಯಾರಿಗೂ ಬರಲಿಲ್ಲ. ನೆನೆದವರು ಆಕೆಯ ಹಾಡನ್ನು ಕೇಳಿ ಬೆಳೆದ ಕಲಾವಿದರೇ. ಆರ್ಕನ್ಸಾದ ಹತ್ತಿಯ ಸೀಮೆಯಲ್ಲಿಯೇ ಬೆಳೆದ ಜಾನಿ ಕ್ಯಾಶ್, 1992ರಲ್ಲಿ ತನಗೆ ಆ ಗೌರವ ಸಂದಾಗ, ತನ್ನ ಮೆಚ್ಚಿನ ಗಾಯಕರಲ್ಲಿ ಆಕೆಯ ಹೆಸರನ್ನು ಹೇಳಿದನು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ 32 ಸೆಂಟಿನ ಅಂಚೆಚೀಟಿಯನ್ನು ಹೊರತಂದಿತು.

2007ರಲ್ಲಿ ಗೇಲ್ ವಾಲ್ಡ್ ಎಂಬ ವಿದುಷಿ ಬರೆದ ಜೀವನಚರಿತ್ರೆ ಪ್ರಕಟವಾದ ಮೇಲೆ, ಸಮಾಧಿಯ ಮೇಲೆ ಕಲ್ಲಿಲ್ಲವೆಂಬ ಸಂಗತಿ ಹಲವರ ಮನಸ್ಸನ್ನು ಕಲಕಿತು. ಕಲ್ಲಿನ ಖರ್ಚಿಗಾಗಿ 2008ರ ಜನವರಿ 11ರಂದು ಫಿಲಡೆಲ್ಫಿಯಾ ಬಳಿಯ ರಂಗಮಂದಿರವೊಂದರಲ್ಲಿ ಸಂಗೀತಸಭೆ ನಡೆಯಿತು. ಪೆನ್ಸಿಲ್ವೇನಿಯಾ ಸಂಸ್ಥಾನ ಆ ದಿನವನ್ನು ಆಕೆಯ ಹೆಸರಿನ ದಿನವೆಂದು ಸಾರಿತು. ಆ ಬಳಿಕ ಕೊನೆಗೂ ಸಮಾಧಿಯ ಮೇಲೆ ಕಲ್ಲು ನಿಂತಿತು. 2009ರಲ್ಲಿ ಮೇರಿ ನೈಟಳೂ ತೀರಿಕೊಂಡಳು. 2018ರಲ್ಲಿ ಕೀರ್ತಿಮಂದಿರದ ಬಾಗಿಲೂ ತೆರೆಯಿತು. ಆಕೆಯ ಹಾಡನ್ನು ಹಾಡಿ ಅಂದು ವೇದಿಕೆ ಹತ್ತಿದ ಹುಡುಗನಿಗೆ ಆ ಗೌರವ ಸಂದು ಮೂವತ್ತೆರಡು ವರ್ಷಗಳಾಗಿದ್ದುವು.

ಗೌರವಕ್ಕಾಗಿ ಆಕೆ ಕಾದು ಕುಳಿತವಳಲ್ಲ. ಮ್ಯಾಂಚೆಸ್ಟರಿನ ಆ ಚಿತ್ರ ಉಳಿದುಬಂದಿದೆ. ಇಂದು ಯಾರು ಬೇಕಾದರೂ ನೋಡಬಹುದು. ಮಳೆಯಲ್ಲಿ ನೆನೆದ ಕಟ್ಟೆಯ ಮೇಲೆ ಕೋಟು ತೊಟ್ಟ ಆ ಮಹಿಳೆ ಗಿಟಾರನ್ನು ಸರಿಪಡಿಸಿಕೊಳ್ಳುತ್ತಾಳೆ. ಎದುರು ಕಟ್ಟೆಯ ಮಕ್ಕಳತ್ತ ನೋಡಿ ನಗುತ್ತಾಳೆ. ಆಮೇಲೆ ತಾಯಿ ನಾಲ್ಕನೆಯ ವಯಸ್ಸಿನಲ್ಲಿ ಕಲಿಸಿದಂತೆಯೇ ದೇವರ ಹೆಸರು ಹೇಳಿ ತಂತಿಗೆ ಕೈ ಹಾಕುತ್ತಾಳೆ.